ಕಳೆಯುವ ಲೆಕ್ಕದಲ್ಲಿ ಕಳೆದುಹೋದ ವಿದ್ಯುತ್

ಸರ್ಕಾರಿ ಸೇವೆಯಲ್ಲಿದ್ದಾಗ ಒಂದು ಪರಿಶೀಲನಾ ಸಭೆಯಲ್ಲಿ ಒಂದೇ ತಾಲ್ಲೂಕಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಎರಡು ಶಾಖೆಗಳು ಎರಡು ಸಂಖ್ಯೆಗಳನ್ನು ಒಪ್ಪಿಸಿದ್ದವು. ಯಾರೂ ಸುಳ್ಳು ಹೇಳಿರಲಿಲ್ಲ. ಒಂದು ಶಾಖೆ ಮಂಜೂರಾದ ಸಂಪರ್ಕಗಳನ್ನು ಎಣಿಸಿತ್ತು. ಇನ್ನೊಂದು, ಲೆಡ್ಜರಿನ ಖಾತೆಗಳನ್ನು. ಬತ್ತಿದ ಕೊಳವೆಬಾವಿಗಳನ್ನು ಎರಡೂ ಕೈಬಿಟ್ಟಿರಲಿಲ್ಲ.

ಈ ಗೊಂದಲದ ಬೆಲೆ ಸಣ್ಣದಲ್ಲ. ಉದಾಹರಣೆಗೆ, ಒಂದು ಫೀಡರಿಗೆ 100 ಯೂನಿಟ್ ಹರಿಸಿ, ಮೀಟರಿನ ಪ್ರಕಾರ 60 ಯೂನಿಟ್‌ಗೆ ಬಿಲ್ ಮಾಡಲಾಯಿತೆನ್ನಿ. ಉಳಿದ 40ರಲ್ಲಿ ಮೀಟರಿಲ್ಲದ ಪಂಪ್‌ಸೆಟ್‌ಗಳ ಪಾಲು 30 ಎಂದು ಅಂದಾಜಿಸಿದರೆ ನಷ್ಟ 10. 20 ಎಂದರೆ ನಷ್ಟವೂ 20. ಅಂದಾಜು ಹಿಗ್ಗಿದಷ್ಟೂ ಕಂಪನಿಯ ದಕ್ಷತೆ ಹೆಚ್ಚಿದಂತೆ ಕಾಣುತ್ತದೆ, ಸರ್ಕಾರ ತೆರಬೇಕಾದ ಸಹಾಯಧನವೂ ಬೆಳೆಯುತ್ತದೆ. ಸೋರಿಕೆ, ಕಳ್ಳತನಗಳ ಹೊರೆ ರೈತನ ಹೆಸರಿಗೆ ಬೀಳುತ್ತದೆ.

ಎರಡು ವರ್ಷಗಳ ಬಳಿಕ ಮೀಟರಿಲ್ಲದೆ ವಿದ್ಯುತ್ ಪೂರೈಸಬಾರದೆಂದು 2003ರ ವಿದ್ಯುತ್ ಕಾಯ್ದೆ ವಿಧಿಸಿತು. ಗಡುವು ವಿಸ್ತರಿಸುವ ಅಧಿಕಾರವನ್ನು ರಾಜ್ಯ ಆಯೋಗಗಳಿಗೂ ನೀಡಿತು. 2008ರಲ್ಲಿ ಕರ್ನಾಟಕ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಘೋಷಿಸಿದ ಮೇಲೆ ಅಳೆಯುವ ಆಸಕ್ತಿ ಯಾರಿಗೂ ಉಳಿಯಲಿಲ್ಲ.

ಅದೇ ವರ್ಷ ಕೇಂದ್ರವು ಪುನರ್ರಚಿತ ವಿದ್ಯುತ್ ಸುಧಾರಣಾ ಕಾರ್ಯಕ್ರಮವನ್ನು ಆರಂಭಿಸಿತು. ಪ್ರತಿ ಗ್ರಾಹಕನನ್ನೂ ಅವನ ಟ್ರಾನ್ಸ್‌ಫಾರ್ಮರ್ ಮತ್ತು ಫೀಡರಿಗೆ ಜೋಡಿಸಿ, ಬಿಲ್ಲಿಂಗ್ ಹಾಗೂ ಮೀಟರ್ ಮಾಹಿತಿಯನ್ನು ದತ್ತಾಂಶ ಕೇಂದ್ರದಲ್ಲಿ ಕ್ರೋಡೀಕರಿಸುವುದು ಅದರ ಮೊದಲ ಘಟ್ಟ. ತಂತ್ರಜ್ಞರು ‘ಡೇಟಾ ವೇರ್‌ಹೌಸ್’ ಎನ್ನುವ ಮಾಹಿತಿಯ ಉಗ್ರಾಣಕ್ಕೆ ಇದೇ ಅಡಿಪಾಯ. ಯಾವ ಟ್ರಾನ್ಸ್‌ಫಾರ್ಮರಿನಲ್ಲಿ ಎಷ್ಟು ಸೋರಿತೆಂಬುದನ್ನು ಅದು ತಿಂಗಳ ಕೊನೆಗೆ ಹೇಳಬಲ್ಲದು. ಆದರೆ ಆ ಯೋಜನೆಯ ಗುರಿ, ಸಾಮಾನ್ಯವಾಗಿ, 30,000ಕ್ಕೂ ಹೆಚ್ಚು ಜನಸಂಖ್ಯೆಯ ಪಟ್ಟಣಗಳು. ಪಂಪ್‌ಸೆಟ್‌ಗಳಿರುವುದು ಹಳ್ಳಿಗಳಲ್ಲಿ!

ಲೆಕ್ಕವಿದ್ದರೆ ಏನು ಸಾಧ್ಯವೆಂಬುದಕ್ಕೆ 2023ರ ಗೃಹಜ್ಯೋತಿಯೇ ನಿದರ್ಶನ. ಪ್ರತಿ ಮನೆಯ 2022-23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ಉಚಿತ ಪ್ರಮಾಣವನ್ನು ನಿಗದಿಪಡಿಸಲಾಯಿತು. ಮನೆಗೆ ಮೀಟರಿದ್ದುದರಿಂದ, ಹಳೆಯ ಬಿಲ್ಲುಗಳು ಉಳಿದಿದ್ದುದರಿಂದ ಇದು ಸಾಧ್ಯವಾಯಿತು. ಉಚಿತವಾಗಿ ಕೊಡುವುದಕ್ಕೂ ಅಳತೆ ಬೇಕೆಂಬುದು ಇದರ ಪಾಠ.

ಮೀಟರ್ ಬಂದರೆ ಹಿಂದೆಯೇ ಬಿಲ್ ಬರುತ್ತದೆಂಬ ರೈತನ ಅಂಜಿಕೆ ನಿರಾಧಾರವೇನಲ್ಲ. ಆದ್ದರಿಂದ ಮೊದಲು ಹಳ್ಳಿಯ ಟ್ರಾನ್ಸ್‌ಫಾರ್ಮರಿಗೆ ಮೀಟರ್ ಅಳವಡಿಸಿ, ಅದರ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಲಿ. ಕಾಳೇ ಅಳೆಯದೆ ಕಣಜ ಕಟ್ಟಿ ಫಲವೇನು?