ಸೂರ್ಯನಿಗಾಗಿ ಒಂದು ಮೊಟ್ಟೆಯಾಕಾರದ ಚಕ್ರ

ಮಧ್ಯಯುಗದ ಯುರೋಪಿನ ಕ್ರೈಸ್ತ ಮಠಗಳಲ್ಲಿ ರಾತ್ರಿಯೂ ಪ್ರಾರ್ಥನೆ ಇರುತ್ತಿತ್ತು. ಯಾವ ನಕ್ಷತ್ರ ಯಾವ ಕಟ್ಟಡದ ನೆತ್ತಿಗೆ ಬಂತೆಂದು ನೋಡಿ ಒಬ್ಬ ಸನ್ಯಾಸಿ ಉಳಿದವರನ್ನು ಎಬ್ಬಿಸುವುದೂ ಉಂಟು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಅಧಿಪತಿ, ವಾಲಿಂಗ್‌ಫರ್ಡಿನ ರಿಚರ್ಡ್, ಆ ಆಕಾಶವನ್ನೇ ಕಬ್ಬಿಣದ ಗಡಿಯಾರವಾಗಿ ಕಟ್ಟಿ ಚರ್ಚಿನೊಳಗೆ ನಿಲ್ಲಿಸಲು ಹೊರಟ.

ರಿಚರ್ಡ್ ಕಮ್ಮಾರನ ಮಗ. ಚಿಕ್ಕಂದಿನಲ್ಲೇ ತಬ್ಬಲಿಯಾದವನನ್ನು ಊರಿನ ಮಠ ಸಾಕಿ, ಆಕ್ಸ್‌ಫರ್ಡಿಗೆ ಓದಲು ಕಳಿಸಿತು. 1327ರಲ್ಲಿ ಅವನು ಅಧಿಪತಿಯಾದಾಗ ಚರ್ಚಿನ ಒಂದು ಭಾಗ ಕುಸಿದು ಬಿದ್ದಿತ್ತು. ಅವನ ಮೈಯನ್ನು ಕುಷ್ಠರೋಗ ಹಿಡಿಯಿತು. ಗೋಡೆ ಬಿಟ್ಟು ಗಡಿಯಾರಕ್ಕೆ ದುಡ್ಡು ಸುರಿಯುತ್ತೀಯಾ ಎಂದು ದೊರೆ ಮೂರನೇ ಎಡ್ವರ್ಡ್ ಕೇಳಿದಾಗ, ಗೋಡೆ ಕಟ್ಟುವವರು ನನ್ನ ನಂತರವೂ ಬರುತ್ತಾರೆ, ಇದನ್ನು ಮುಗಿಸುವವರು ಬರುವುದಿಲ್ಲ ಎಂದನೆಂದು ಮಠದ ವೃತ್ತಾಂತ ಹೇಳುತ್ತದೆ. ಅವನು ಗಡಿಯಾರವನ್ನೇ ಆರಿಸಿದ್ದು ಸರಿ ಎಂದು ನನಗನಿಸುತ್ತದೆ.

ಗಡಿಯಾರವನ್ನು ನಡೆಸುವುದು ಹಗ್ಗಕ್ಕೆ ತೂಗುಬಿಟ್ಟ ಭಾರ. ತಡೆಯಿಲ್ಲದಿದ್ದರೆ ಅದು ಒಂದೇ ಉಸಿರಿಗೆ ನೆಲಕ್ಕಿಳಿದೀತು. ಅದಕ್ಕೇ ಒಂದೇ ಅಚ್ಚಿನ ಮೇಲೆ ಮೊಳೆಹಲ್ಲಿನ ಎರಡು ಚಕ್ರ. ನಡುವೆ, ನೆಟ್ಟಗೆ ನಿಂತ ದಂಡಕ್ಕೆ ಅಂಟಿಕೊಂಡ ಅರ್ಧಚಂದ್ರದ ತಗಡು. ಈ ಚಕ್ರದ ಮೊಳೆ ತಗಡನ್ನು ಅತ್ತ ತಳ್ಳಿದರೆ ಆ ಚಕ್ರದ ಮೊಳೆ ಇತ್ತ ತಳ್ಳುತ್ತದೆ. ದಂಡ ಒಮ್ಮೆ ಹೊರಳಿದರೆ ಒಂದು ಮೊಳೆಗೆ ಮಾತ್ರ ದಾರಿ. ಗಂಟೆಯೂ ಅಷ್ಟೇ ಹಟದ್ದು: 1ರಿಂದ 24ರವರೆಗೆ ಏರುತ್ತಾ ಬಾರಿಸುತ್ತಿತ್ತು, ಅಂದರೆ ದಿನಕ್ಕೆ 300 ಪೆಟ್ಟು.

ನಿಜವಾದ ಕಷ್ಟ ಸೂರ್ಯನದು. ವರ್ಷವಿಡೀ ಅವನು ಒಂದೇ ವೇಗದಲ್ಲಿ ಚಲಿಸುವಂತೆ ಕಾಣುವುದಿಲ್ಲ. ಭೂಮಿಯ ಕಕ್ಷೆ ತುಸು ದೀರ್ಘವೃತ್ತವಾದ್ದರಿಂದ ಜನವರಿಯಲ್ಲಿ ಬೇಗ ಸಾಗುತ್ತಾನೆ, ಜುಲೈಯಲ್ಲಿ ನಿಧಾನ. ನಮ್ಮ ಸೌರಮಾನ ಪಂಚಾಂಗದಲ್ಲಿ ಮಿಥುನ ಮಾಸ 31 ದಿನ ದಾಟಿ, ಧನುರ್ಮಾಸ 30ಕ್ಕೂ ಕಡಿಮೆಯಾಗುವುದು ಇದೇ ಕಾರಣಕ್ಕೆ. ದುಂಡನೆಯ ಚಕ್ರಕ್ಕೆ ಈ ಏರಿಳಿತ ಬಾರದು. ರಿಚರ್ಡ್ ತೆಗೆದುಕೊಂಡದ್ದು 331 ಹಲ್ಲುಗಳ ಮೊಟ್ಟೆಯಾಕಾರದ ಚಕ್ರ. ಅದರ ಅಂಚು ನಡುವಿನಿಂದ ದೂರವಿರುವಲ್ಲಿ ಅಷ್ಟೇ ಹಲ್ಲು ದಾಟಿದರೂ ಚಕ್ರ ತಿರುಗುವುದು ಕಡಿಮೆ, ಹತ್ತಿರವಿರುವಲ್ಲಿ ಹೆಚ್ಚು. ದೂರದರ್ಶಕವೇ ಇಲ್ಲದ ಕಾಲದಲ್ಲಿ, ಸೂರ್ಯನ ನಡಿಗೆಯ ಲೆಕ್ಕ ಹೀಗೆ ಚಕ್ರದ ಅಂಚಿನ ಬಾಗಾಯಿತು! ಯಂತ್ರದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಸೊಗಸಾದ ಉಪಾಯ ಕಡಿಮೆ. ಚಂದ್ರನ ಕಲೆ, ಗ್ರಹಣಗಳಿಗೂ ಅದರಲ್ಲಿ ಚಕ್ರಗಳಿದ್ದವು.

1336ರಲ್ಲಿ ರಿಚರ್ಡ್ ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ, ಅವನ ಮಾತಿಗೆ ವಿರುದ್ಧವಾಗಿ ನಂತರದವರು ಮುಗಿಸಿದರು. 1539ರಲ್ಲಿ ಎಂಟನೇ ಹೆನ್ರಿ ಮಠವನ್ನು ಮುಚ್ಚಿಸಿದ ಮೇಲೆ ಗಡಿಯಾರವೂ ಹೋಯಿತು. ಆದರೆ 1965ರಲ್ಲಿ ಜಾನ್ ನಾರ್ತ್ ಎಂಬ ವಿದ್ವಾಂಸನಿಗೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಅದರ ವಿವರಣೆಯ ಹಸ್ತಪ್ರತಿ ಸಿಕ್ಕಿತು. ಅದನ್ನೇ ಆಧಾರವಾಗಿಟ್ಟುಕೊಂಡು ಮಾಡಿದ ಪ್ರತಿಕೃತಿಯೊಂದು ಈಗ ಸೇಂಟ್ ಆಲ್ಬನ್ಸ್ ಚರ್ಚಿನಲ್ಲೇ ಇದೆ.