ಪಾಸ್‌ಪೋರ್ಟ್ ಯಾರ ಕೈಯಲ್ಲಿದ್ದರೆ ಭದ್ರ?

ಭಾರತದ ಪಾಸ್‌ಪೋರ್ಟಿನ ಕೊನೆಯ ಕಡೆ ಸಣ್ಣಕ್ಷರದಲ್ಲಿ ಒಂದು ಎಚ್ಚರಿಕೆ ಅಚ್ಚಾಗಿದೆ. ವೀಸಾ ಹುಡುಕುತ್ತ, ಮುದ್ರೆ ಹುಡುಕುತ್ತ ಪುಸ್ತಿಕೆಯನ್ನು ಎಷ್ಟೋ ಸಲ ತಿರುವಿ ಹಾಕಿದವರೂ ಅದನ್ನು ಓದಿರುವುದು ಕಡಿಮೆ. ಈ ಪುಸ್ತಿಕೆ ಭಾರತ ಸರ್ಕಾರದ ಸ್ವತ್ತು. ಅಂಚೆಯ ಮೂಲಕ ಇದನ್ನು ಯಾವ ದೇಶದಿಂದಲೂ ಹೊರಗೆ ಕಳಿಸಕೂಡದು. ಇದು ಪಡೆದವರ ಬಳಿ ಇಲ್ಲವೇ ಅವರು ಅಧಿಕಾರ ಕೊಟ್ಟವರ ಬಳಿ ಇರಬೇಕು. ವಿದೇಶದಲ್ಲಿ ಕಳೆದುಹೋದರೆ ಕೂಡಲೇ ಹತ್ತಿರದ ಭಾರತೀಯ ದೂತಾವಾಸಕ್ಕೂ ಅಲ್ಲಿನ ಪೊಲೀಸರಿಗೂ ತಿಳಿಸಬೇಕು. ಎಚ್ಚರಿಕೆಯ ಸಾರ ಇಷ್ಟು. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ಕೂಡ ಇದು ಎಂದೆಂದಿಗೂ ಕೇಂದ್ರ ಸರ್ಕಾರದ ಆಸ್ತಿ ಎಂದೇ ಹೇಳುತ್ತದೆ. ಆದರೆ ವಿದೇಶಕ್ಕೆ ಹೊರಟವರಿಗೆ ನಾವು ಹೇಳುವ ಬುದ್ಧಿಮಾತುಗಳೆಲ್ಲ ಬೇರೊಂದು ನಂಬಿಕೆಯಿಂದ ಹುಟ್ಟಿದವು. ಪಾಸ್‌ಪೋರ್ಟನ್ನು ನಾವು ಬಂಗಾರದ ಒಡವೆಯಂತೆ ಕಾಣುತ್ತೇವೆ. ಒಂದೋ ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ನಂಬಿಕಸ್ಥ ದೊಡ್ಡವರ ವಶಕ್ಕೆ ಕೊಟ್ಟು ನಿಶ್ಚಿಂತರಾಗಬೇಕು ಎನ್ನುತ್ತೇವೆ. ಒಡವೆ ಹೋದರೆ ಹೋದಂತೆಯೇ. ಪಾಸ್‌ಪೋರ್ಟಿನ ಬೆಲೆ ಇರುವುದು ಸರ್ಕಾರದ ದಾಖಲೆಯಲ್ಲಿ. ಪುಸ್ತಿಕೆ ಕಳುವಾದರೂ ದಾಖಲೆ ಉಳಿಯುತ್ತದೆ. ಈ ವ್ಯತ್ಯಾಸ ಮರೆತಿರುವುದರಿಂದಲೇ ನಾವು ಹೆದರಬಾರದ್ದಕ್ಕೆ ಹೆದರುತ್ತೇವೆ, ಹೆದರಬೇಕಾದ ಕಡೆ ಮೈಮರೆಯುತ್ತೇವೆ.

ಪಾಸ್‌ಪೋರ್ಟನ್ನು ಯಾವಾಗಲೂ ಮೈಮೇಲೆ ಇಟ್ಟುಕೊಂಡೇ ಓಡಾಡಬೇಕು ಎಂಬುದು ಎಲ್ಲರೂ ಹೇಳುವ ಮಾತು. ಇದು ಕೆಲವು ದೇಶಗಳಲ್ಲಿ ಮಾತ್ರ ನಿಜ. ಜಪಾನಿನಲ್ಲಿ ಪ್ರವಾಸಿಗರು ಪಾಸ್‌ಪೋರ್ಟ್ ಜೊತೆಯಲ್ಲಿಟ್ಟುಕೊಳ್ಳುವುದು ಕಾನೂನಿನ ಕಡ್ಡಾಯ. ಇಲ್ಲದಿದ್ದರೆ 1 ಲಕ್ಷ ಯೆನ್‌ವರೆಗೆ ದಂಡ ಬೀಳಬಹುದು. ಅಂಥ ಕಡೆ ವಾದಕ್ಕೆ ಎಡೆಯಿಲ್ಲ, ಒಯ್ಯಲೇಬೇಕು. ಕಾನೂನು ಹಾಗೆ ಕೇಳದ ಊರುಗಳಲ್ಲಿ ಮೂಲ ಪುಸ್ತಿಕೆಯನ್ನು ದಿನವಿಡೀ ಹೊತ್ತು ತಿರುಗಿದರೆ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಯಾಕೆಂದರೆ ಪ್ರವಾಸಿಗರ ಸೊತ್ತು ಹೋಗುವುದು ಹೆಚ್ಚಾಗಿ ಹಾಡಹಗಲಲ್ಲೇ, ಜನ ಜಮಾಯಿಸುವ ಕಡೆಯೇ. 2013ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಒಂದು ದಿನ ಬಾಗಿಲು ತೆರೆಯಲಿಲ್ಲ. ಒಳಗೆ ಗುಂಪುಗುಂಪಾಗಿ ತಿರುಗುತ್ತಿದ್ದ ಕಿಸೆಗಳ್ಳರ ಕಾಟ ತಾಳದೆ ಸಿಬ್ಬಂದಿಯೇ ಕೆಲಸ ನಿಲ್ಲಿಸಿದ್ದರು. ಎರಡು ವರ್ಷದ ನಂತರ, 2015ರ ಮೇ ತಿಂಗಳಲ್ಲಿ, ಐಫೆಲ್ ಗೋಪುರದ ಸಿಬ್ಬಂದಿಯೂ ಇದೇ ಕಾರಣಕ್ಕೆ ಪ್ರತಿಭಟಿಸಿದರು. ಕಾವಲಿದ್ದು, ಕ್ಯಾಮೆರಾ ಇದ್ದು, ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗಗಳ ಕಥೆ ಇದು.

ಬಟ್ಟೆಯೊಳಗೆ ಸೊಂಟಕ್ಕೆ ಕಟ್ಟುವ ಚೀಲವಿದೆಯಲ್ಲ, ಅದನ್ನು ಕದಿಯುವುದು ಹೇಗೆ ಎಂದು ಕೇಳಬಹುದು. ಆ ಚೀಲ ಒಳ್ಳೆಯದೇ. ಅದನ್ನು ಬಳಸುವ ರೀತಿಯನ್ನು ಸ್ವಲ್ಪ ಗಮನಿಸಿ. ಮೆಟ್ರೊ ಟಿಕೆಟ್ ಯಂತ್ರದ ಮುಂದೆ ನಿಂತು ಅಂಗಿ ಎತ್ತಿ, ಜಿಪ್ ಎಳೆದು, ಪಾಸ್‌ಪೋರ್ಟಿನ ಸಂದಿಯಲ್ಲಿ ಸಿಕ್ಕಿಸಿದ ನೋಟು ತೆಗೆದು, ಮತ್ತೆ ಎಲ್ಲವನ್ನೂ ಒಳಗೆ ತುರುಕುವ ಹೊತ್ತಿಗೆ ಏನು ಎಲ್ಲಿದೆ ಎಂಬುದು ಹಿಂದೆ ನಿಂತವರಿಗೆಲ್ಲ ತಿಳಿದಿರುತ್ತದೆ. ಗುಟ್ಟಿನ ಜಾಗವನ್ನು ದಿನಕ್ಕೆ ಹತ್ತು ಸಲ ತೆರೆದರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಆ ದಿನದ ಖರ್ಚಿನ ಹಣ ಮತ್ತು ಒಂದು ಕಾರ್ಡ್ ಹೊರಗಿನ ಜೇಬಿನಲ್ಲಿದ್ದು, ಒಳಚೀಲ ಕೋಣೆ ಸೇರುವವರೆಗೂ ಮುಚ್ಚಿಯೇ ಇದ್ದರೆ ಮಾತ್ರ ಅದರಿಂದ ಪ್ರಯೋಜನ. ನಾವು ಎಚ್ಚರವಾಗಿದ್ದರೆ ಯಾರೂ ಕದಿಯಲಾರರು ಎಂಬ ಧೈರ್ಯವನ್ನೂ ಪೂರ್ತಿ ನಂಬುವಂತಿಲ್ಲ. ಅಮೆರಿಕದ ಅಪೋಲೊ ರಾಬಿನ್ಸ್ ವೇದಿಕೆಯ ಮೇಲೆ ಜನರ ಜೇಬಿಗೆ ಕೈಹಾಕಿ ತೋರಿಸುವ ಕಲಾವಿದ. ಕೈ ನೇರವಾಗಿ ಚಲಿಸುವುದಕ್ಕಿಂತ ಬಾಗಿ ಚಲಿಸಿದರೆ ನೋಡುವವರ ಕಣ್ಣು ಅದರ ಹಿಂದೆಯೇ ಹೋಗುತ್ತದೆ ಎಂದು ಆತ ಹೇಳಿದ್ದನ್ನು 2011ರಲ್ಲಿ ನರವಿಜ್ಞಾನಿಗಳು ಕಣ್ಣಿನ ಚಲನೆ ಅಳೆದು ಪರೀಕ್ಷಿಸಿದರು. ಆತ ಹೇಳಿದಂತೆಯೇ ಇತ್ತು. ಗಮನ ಎಂಬುದು ಒಂದು ಹೊತ್ತಿಗೆ ಒಂದೇ ಕಡೆ ಇರುವಂಥದ್ದು. ಬಟ್ಟೆಗೆ ಏನೋ ಚೆಲ್ಲಿದವರು, ದಾರಿ ಕೇಳಿ ನಕಾಶೆ ಬಿಡಿಸಿದವರು ಬಯಸುವುದು ಆ ಗಮನವನ್ನೇ. ಮೋಸ ಹೋದವರನ್ನು ಪೆದ್ದರೆಂದು ಜರೆಯುವುದು ಅನ್ಯಾಯ.

ಹೊತ್ತು ತಿರುಗದಿದ್ದರೆ ಎಲ್ಲಿಡಬೇಕು? ಹೋಟೆಲ್ ಕೋಣೆಯ ಕಪಾಟಿನಲ್ಲಿ ಸೇಫ್ ಇದೆ, ನಾಲ್ಕಂಕಿಯ ಗುಟ್ಟು ನನಗೆ ಮಾತ್ರ ಗೊತ್ತು, ಇನ್ನೇನು ಭಯ ಎನ್ನುವವರಿದ್ದಾರೆ. ಅಂಕಿ ಮರೆತ ಅತಿಥಿಗಾಗಿ ಆ ಪೆಟ್ಟಿಗೆ ತೆರೆಯುವ ಬೇರೆ ದಾರಿ ಹೋಟೆಲಿನವರ ಬಳಿ ಇದ್ದೇ ಇರುತ್ತದೆ. ಹಾಗೆಂದು ಅದು ನಿರುಪಯುಕ್ತವೇನಲ್ಲ. ಪಾಸ್‌ಪೋರ್ಟಿಗೆ ಬೀದಿಗಿಂತ ಅದೇ ಮೇಲು. ಹಣ, ಒಡವೆಗಳ ಲೆಕ್ಕ ಬೇರೆ. ಜರ್ಮನಿಯ ಕಾನೂನಿನಲ್ಲಿ, ಹೋಟೆಲಿನವರ ತಪ್ಪಿಲ್ಲದೆ ಅತಿಥಿಯ ನಗದು, ಒಡವೆ ಹೋದರೆ ಅವರ ಹೊಣೆ 800 ಯೂರೊಗೆ ಸೀಮಿತ. ಅದೇ ಸೊತ್ತನ್ನು ಜೋಪಾನವಾಗಿಡಲೆಂದು ಅವರ ವಶಕ್ಕೆ ಒಪ್ಪಿಸಿದ್ದರೆ ಈ ಮಿತಿ ಇಲ್ಲ. ಯೂರೋಪಿನ ಹಲವು ದೇಶಗಳ ನಿಯಮ ಹೆಚ್ಚುಕಡಿಮೆ ಇದೇ ತತ್ವದ್ದು. ಬೆಲೆಬಾಳುವುದನ್ನು ಇಡಲೇಬೇಕಾದರೆ ರಿಸೆಪ್ಷನ್‌ನಲ್ಲಿ ಕೊಟ್ಟು ರಸೀದಿ ಪಡೆಯುವುದು ಕಾನೂನಿನ ಕಣ್ಣಲ್ಲಿ ಬಲವಾದ ದಾರಿ. ನಾವು ಆ ರಸೀದಿ ಕೇಳಲು ಸಂಕೋಚಪಡುತ್ತೇವೆ.

ಒಡವೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಮೈಮೇಲೆ ತೊಟ್ಟ ಚಿನ್ನವನ್ನು ಕಸ್ಟಮ್ಸ್‌ನವರು ಕೇಳುವಂತಿಲ್ಲ ಎಂದು ನಂಬಿದವರು ಬಹಳ. ಕೇಳಬಹುದು, ಕೇಳಿದ್ದೂ ಇದೆ. ಇಲ್ಲಿಂದ ತೊಟ್ಟು ಹೋದ ಬಳೆ, ಸರಗಳನ್ನೇ ತೊಟ್ಟು ಮರಳಿದ್ದು ಎಂದು ತೋರಿಸಲು, ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಅರ್ಧ ಗಂಟೆ ಮೊದಲು ಹೋದರೆ ಆಗುವ ಕೆಲಸ. ಅದಕ್ಕಿಂತ ಸುಲಭ, ಒಡವೆಯನ್ನು ಊರಿನ ಬ್ಯಾಂಕಿನ ಲಾಕರಿನಲ್ಲಿಟ್ಟು ಹೊರಡುವುದು.

ಈಚೆಗೆ ಹುಟ್ಟಿಕೊಂಡ ಭಯವೆಂದರೆ ಚಿಪ್‌ನದು. ಹೊಸ ಇ-ಪಾಸ್‌ಪೋರ್ಟಿನ ರಕ್ಷಾಪುಟದ ಮೇಲೆ ಚಿನ್ನದ ಬಣ್ಣದ ಸಣ್ಣ ಗುರುತು ಕಂಡೊಡನೆ, ಪಕ್ಕದಲ್ಲಿ ಹಾದುಹೋದವರು ಯಂತ್ರ ಹಿಡಿದು ನಮ್ಮ ವಿವರವನ್ನೆಲ್ಲ ಎಳೆದುಕೊಳ್ಳುತ್ತಾರೆ ಎಂದು ಹೇಳಿ ಲೋಹದ ಪದರದ ಕವರ್ ಮಾರುವವರಿದ್ದಾರೆ. ಆ ಚಿಪ್ ಮಾತಾಡುವುದು ಕೆಲವೇ ಸೆಂಟಿಮೀಟರ್ ದೂರದಲ್ಲಿ. ಹತ್ತಿರ ಬಂದರೂ ಅದು ಕೀಲಿ ಕೇಳುತ್ತದೆ. ಫೋಟೊ ಇರುವ ಪುಟದ ಬುಡದಲ್ಲಿ 44 ಅಕ್ಷರಗಳ ಎರಡು ಸಾಲುಗಳಿವೆ. ಅಲ್ಲಿನ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ, ಅವಧಿ ಮುಗಿಯುವ ದಿನಾಂಕಗಳಿಂದ ಆ ಕೀಲಿ ತಯಾರಾಗುತ್ತದೆ. ಅಂದರೆ ಮುಚ್ಚಿದ ಪುಸ್ತಿಕೆಯನ್ನು ಜೇಬಿನಲ್ಲಿದ್ದಂತೆಯೇ ಓದಲಾಗದು. ಹಳೆಯ ವಿಧಾನದ ಕೀಲಿ ದುರ್ಬಲವೆಂದು ಸಂಶೋಧಕರು ಪ್ರಯೋಗಾಲಯದಲ್ಲಿ ತೋರಿಸಿದ್ದಾರಲ್ಲ ಎನ್ನಬಹುದು. ನಿಜ, ಅದಕ್ಕಾಗಿಯೇ ಇನ್ನೂ ಗಟ್ಟಿಯಾದ ವಿಧಾನ ಬಂದಿದೆ. ಆದರೆ ಅಷ್ಟೆಲ್ಲ ಕಷ್ಟಪಡುವ ಅಗತ್ಯವೇ ಇಲ್ಲದಂತೆ ನಾವು ಅದೇ ಪುಟದ ಫೋಟೊವನ್ನು ‘ವೀಸಾ ಬಂತು’ ಎಂಬ ಸಂಭ್ರಮದಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತೇವೆ. ಕವರ್ ಕೊಂಡವರು ಮೊದಲು ಆ ಫೋಟೊ ಅಳಿಸಲಿ.

ಕಾರ್ಡಿನ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ಧೈರ್ಯ ಕಾಣುತ್ತದೆ: ಒಟಿಪಿ ಬಾರದೆ ಹಣ ಹೋಗದು ಎಂಬ ಧೈರ್ಯ. ಒಟಿಪಿಯಂಥ ಎರಡನೇ ಹಂತದ ದೃಢೀಕರಣ ನಮ್ಮ ರಿಸರ್ವ್ ಬ್ಯಾಂಕ್ ಇಲ್ಲಿನ ವ್ಯವಹಾರಗಳಿಗೆ ಹಾಕಿದ ಕಟ್ಟಳೆ. ವಿದೇಶಿ ಜಾಲತಾಣಗಳಲ್ಲಿ ಕಾರ್ಡಿನ ಮೇಲಿನ ಅಂಕಿಗಳಷ್ಟೇ ಸಾಕಾಗುವುದುಂಟು. ಆದರೆ 2020ರಲ್ಲಿ ಜಾರಿಯಾದ ನಿಯಮದಿಂದ ವಿದೇಶಿ ಬಳಕೆಯನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಸ್ವಿಚ್ ಬ್ಯಾಂಕಿನ ಆ್ಯಪ್‌ನಲ್ಲೇ ನಮ್ಮ ಕೈಗೆ ಸಿಕ್ಕಿದೆ. ಹೋಟೆಲಿನಲ್ಲಿ ಉಳಿಯುವ ಎರಡನೆಯ ಕಾರ್ಡಿಗೆ ಆ ಸ್ವಿಚ್ ಮುಚ್ಚಿಯೇ ಇರಲಿ.

ಇಷ್ಟಾದರೂ ಪಾಸ್‌ಪೋರ್ಟ್ ಕಳೆಯಬಹುದು. ಆಗ ಕೈಕಾಲು ಬಿಟ್ಟವರಿಗೆ ಹೊಳೆಯುವ ಮೊದಲ ಯೋಚನೆ, ಎರಡು ದಿನ ಕಾಯೋಣ, ಸಿಕ್ಕರೂ ಸಿಗಬಹುದು, ದೂರು ಕೊಟ್ಟರೆ ಸಿಕ್ಕ ಮೇಲೆ ತೊಂದರೆ ಎಂಬುದು. ಅದರ ಅರ್ಧ ಭಾಗ ನಿಜ. ಕಳೆದಿದೆ ಎಂದು ದೂರಿತ್ತ ಪಾಸ್‌ಪೋರ್ಟ್ ರದ್ದಾಗುತ್ತದೆ; ಆಮೇಲೆ ಸಿಕ್ಕರೂ ಅದನ್ನು ಹಿಡಿದು ವಿಮಾನ ಹತ್ತುವಂತಿಲ್ಲ. ಹಾಗಾಗಿ ಸೂಟ್‌ಕೇಸಿನ ತಳವನ್ನೂ ಕೋಟಿನ ಒಳಜೇಬನ್ನೂ ಸರಿಯಾಗಿ ಹುಡುಕಿದ ನಂತರವೇ ದೂರು ಕೊಡಬೇಕು, ಆದರೆ ಅಂದೇ ಕೊಡಬೇಕು. ತಡಮಾಡಿದಷ್ಟೂ ಅದು ಬೇರೆಯವರ ಕೈಯಲ್ಲಿ ಜೀವಂತ ದಾಖಲೆಯಾಗಿರುತ್ತದೆ. ಕಳೆದ, ಕಳುವಾದ ಪ್ರಯಾಣ ದಾಖಲೆಗಳ ಭಂಡಾರವನ್ನು ಇಂಟರ್‌ಪೋಲ್ 2002ರಿಂದ ನಡೆಸುತ್ತಿದೆ. 2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟು ಕಾಣೆಯಾದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ವಿಮಾನದಲ್ಲಿ ಇಬ್ಬರು ಇರಾನಿಯರು ಬೇರೆಯವರ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಸುತ್ತಿದ್ದರು. ಒಂದು ಆಸ್ಟ್ರಿಯಾದ್ದು, ಇನ್ನೊಂದು ಇಟಲಿಯದು; ಎರಡೂ ಥಾಯ್ಲೆಂಡಿನಲ್ಲಿ 2012, 2013ರಲ್ಲಿ ಕಳುವಾದವು. ಆ ಇಬ್ಬರೂ ಯೂರೋಪಿನಲ್ಲಿ ಆಶ್ರಯ ಹುಡುಕಿ ಹೊರಟವರೆಂದು ತನಿಖೆ ಕಂಡುಕೊಂಡಿತು. ವಿಮಾನಕ್ಕಾದ ದುರಂತಕ್ಕೂ ಅವರಿಗೂ ನಂಟು ಸಿಗಲಿಲ್ಲ. ಎರಡೂ ಕಳವು ಇಂಟರ್‌ಪೋಲ್ ಪಟ್ಟಿಯಲ್ಲಿದ್ದವು, ಹೊರಡುವ ನಿಲ್ದಾಣದಲ್ಲಿ ಯಾರೂ ಪಟ್ಟಿ ನೋಡಿರಲಿಲ್ಲ. ಪಟ್ಟಿ ನೋಡದಿದ್ದರೆ ದೂರು ಕೊಟ್ಟು ಏನು ಫಲ ಎಂದು ಕೇಳುವವರಿಗೆ ನನ್ನ ಉತ್ತರ: ಆ ಪಾಸ್‌ಪೋರ್ಟುಗಳಲ್ಲಿದ್ದ ಹೆಸರು ಬೆಳಕಿಗೆ ಬಂದ ದಿನ, ಪುಸ್ತಿಕೆ ಕಳೆದುಕೊಂಡಿದ್ದವರ ಪರವಾಗಿ ನಿಂತದ್ದು ಹಿಂದೆಯೇ ಕೊಟ್ಟಿದ್ದ ಆ ದೂರು.

ದೂರು ಕೊಟ್ಟ ಮೇಲೆ ಪರದೇಶದಲ್ಲಿ ಸಿಕ್ಕಿಬೀಳುವುದೂ ಇಲ್ಲ. ಪೊಲೀಸ್ ದೂರಿನ ಪ್ರತಿ, ಹಳೆಯ ಪಾಸ್‌ಪೋರ್ಟಿನ ಜೆರಾಕ್ಸ್, ಫೋಟೊಗಳೊಂದಿಗೆ ಭಾರತೀಯ ದೂತಾವಾಸಕ್ಕೆ ಹೋದರೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ಅವಸರವಿದ್ದರೆ ಭಾರತಕ್ಕೆ ಮರಳಲು ಮಾತ್ರ ಸಲ್ಲುವ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಹಳೆಯ ಪುಸ್ತಿಕೆಯೊಂದಿಗೆ ವೀಸಾ ಮತ್ತು ಪ್ರವೇಶದ ಮುದ್ರೆಯೂ ಹೋಗಿರುತ್ತದಾದ್ದರಿಂದ, ಹಲವು ದೇಶಗಳಲ್ಲಿ ಹೊರಡುವ ಮೊದಲು ಅಲ್ಲಿನ ವಲಸೆ ಇಲಾಖೆಯ ಅನುಮತಿಯನ್ನೂ ಪಡೆಯಬೇಕಾಗುತ್ತದೆ. ದಿನಗಳು ಹಿಡಿಯುವುದು ಅಲ್ಲೇ. ಆದ್ದರಿಂದ ವೀಸಾ ಪುಟ ಮತ್ತು ಮುದ್ರೆ ಬಿದ್ದ ಪುಟದ ಪ್ರತಿಯೂ ಬೇಕು. ಪ್ರತಿ ಮೊಬೈಲಿನಲ್ಲಿದೆ ಎಂದರೆ ಸಾಲದು. ಬ್ಯಾಗ್ ಹೋದಾಗ ಮೊಬೈಲೂ ಅದರಲ್ಲೇ ಇರುತ್ತದೆ. ಒಂದು ಕಾಗದದ ಪ್ರತಿ ಸೂಟ್‌ಕೇಸಿನಲ್ಲಿ, ಒಂದು ಊರಿನಲ್ಲಿ ಮನೆಯವರ ಬಳಿ ಇರಬೇಕು.

ಇನ್ನು ನಂಬಿಕಸ್ಥರ ವಶಕ್ಕೆ ಕೊಡುವ ಮಾತು. ನನ್ನ ದೃಷ್ಟಿಯಲ್ಲಿ ಕಿಸೆಗಳ್ಳರಿಗಿಂತ ದೊಡ್ಡ ಅಪಾಯ ಇಲ್ಲಿದೆ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮನೆಗಳಲ್ಲಿ, ‘ಪಾಸ್‌ಪೋರ್ಟ್ ಕಂಪನಿಯಲ್ಲಿದೆ, ಭದ್ರವಾಗಿದೆ’ ಎಂಬ ಮಾತು ಸಹಜವಾಗಿ ಬರುತ್ತದೆ. ಇಟ್ಟುಕೊಳ್ಳುವುದು ಅಲ್ಲಿಯ ಕಾನೂನೇ ಎಂದು ನಂಬಿದವರೂ ಇದ್ದಾರೆ. ಅಲ್ಲಿಯ ಕಾನೂನು ಅದಕ್ಕೆ ವಿರುದ್ಧವಾಗಿದೆ. ಕತಾರಿನ 2015ರ 21ನೇ ಸಂಖ್ಯೆಯ ಕಾನೂನು, ವಾಸದ ಪರವಾನಗಿಯ ಕೆಲಸ ಮುಗಿದೊಡನೆ ಪಾಸ್‌ಪೋರ್ಟನ್ನು ಕಾರ್ಮಿಕರಿಗೆ ಮರಳಿಸಬೇಕೆಂದು ಹೇಳಿ, ತಪ್ಪಿದರೆ 25,000 ರಿಯಾಲ್‌ವರೆಗೆ ದಂಡ ವಿಧಿಸುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನೂ ಕೆಲಸಗಾರರ ಅಧಿಕೃತ ದಾಖಲೆಗಳನ್ನು ಮಾಲೀಕರು ಹಿಡಿದಿಟ್ಟುಕೊಳ್ಳುವುದನ್ನು ನಿಷೇಧಿಸಿದೆ. ನಮ್ಮ ದೇಶದಲ್ಲೇ, ಸುರೇಶ್ ನಂದಾ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಪಾಸ್‌ಪೋರ್ಟನ್ನು ತಡೆಹಿಡಿದಿಡುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರದ್ದು, ಪೊಲೀಸರು ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂದಿತು. ಪೊಲೀಸರಿಗೇ ಇಲ್ಲದ ಅಧಿಕಾರ ಕೆಲಸಕ್ಕೆ ಕಳಿಸುವ ಏಜೆಂಟರಿಗೆ ಎಲ್ಲಿಂದ ಬರಬೇಕು?

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಪಡೆದವರು ಅಧಿಕಾರ ಕೊಟ್ಟವರ ಬಳಿ ಇರಬಹುದು ಎಂದು ಪಾಸ್‌ಪೋರ್ಟಿನಲ್ಲೇ ಬರೆದಿದೆ. ಕತಾರಿನ ಕಾನೂನೂ ಕಾರ್ಮಿಕರು ಬರೆದು ಕೇಳಿದರೆ ಮಾಲೀಕರು ಇಟ್ಟುಕೊಳ್ಳಬಹುದೆನ್ನುತ್ತದೆ. ಎಂಟು ಮಂದಿ ಮಲಗುವ ಕ್ಯಾಂಪಿನ ಕೋಣೆಗಿಂತ ಕಂಪನಿಯ ಕಪಾಟು ವಾಸಿಯಲ್ಲವೇ? ಕಳ್ಳತನದ ಲೆಕ್ಕದಲ್ಲಿ ವಾಸಿಯಿರಬಹುದು. ಆದರೆ ಕೊಟ್ಟ ಅಧಿಕಾರವನ್ನು ಬೇಕೆಂದ ದಿನ ಹಿಂತೆಗೆದುಕೊಳ್ಳಲು ಬರಬೇಕು. ಕೇಳಿದ ದಿನ ಪುಸ್ತಿಕೆ ಕೈಗೆ ಬರುವುದಾದರೆ ಅದು ಜೋಪಾನ. ‘ಕೆಲಸ ಬಿಡುತ್ತೀಯಾ?’ ಎಂಬ ಮರುಪ್ರಶ್ನೆ ಬರುವುದಾದರೆ, ಊರಲ್ಲಿ ಸಾವು ಸಂಭವಿಸಿದಾಗಲೂ ಮೇಲಿನವರ ಸಹಿಗೆ ಕಾಯಬೇಕಾದರೆ, ಅದು ಒತ್ತೆ. ಕೆಲಸಕ್ಕೆ ಸೇರುವ ದಿನ ಅರಬ್ಬಿಯಲ್ಲೋ ಇಂಗ್ಲಿಷಿನಲ್ಲೋ ಇದ್ದ ಹತ್ತಾರು ಕಾಗದಗಳ ನಡುವೆ ಹಾಕಿಸಿಕೊಂಡ ರುಜುವನ್ನು ಸ್ವಇಚ್ಛೆಯ ಒಪ್ಪಿಗೆಯೆಂದು ನಾನು ಒಪ್ಪಲಾರೆ. ಕೊಡಲೇಬೇಕಾದ ಸನ್ನಿವೇಶದಲ್ಲಿ ಯಾವ ದಿನ, ಯಾವ ಕಾರಣಕ್ಕೆ, ಯಾರಿಗೆ ಕೊಟ್ಟದ್ದು ಎಂದು ಬರೆಸಿಕೊಂಡು ಅದರ ಫೋಟೊವನ್ನು ಊರಿಗೆ ಕಳಿಸಿಡಬೇಕು. ಕೇಳಿದರೂ ಕೊಡದಿದ್ದರೆ ಭಾರತೀಯ ದೂತಾವಾಸಕ್ಕೆ ಹೋಗಬಹುದು, ಇಲ್ಲವೇ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಅದನ್ನು ಊರಿನಲ್ಲಿರುವ ಹೆಂಡತಿಯೋ ಅಣ್ಣನೋ ಕೂಡ ಮಾಡಬಹುದು. ಹಾಗೆ ಸಿಕ್ಕಿಕೊಂಡವರಿಗೆ ದೂತಾವಾಸಗಳು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟು ಕರೆತಂದದ್ದಿದೆ. ಆ ಅರ್ಜಿಗೂ ಮೊದಲು ಬೇಕಾಗುವುದು ಪಾಸ್‌ಪೋರ್ಟ್ ಸಂಖ್ಯೆ. ಮಾಲೀಕರ ಕಪಾಟಿನಲ್ಲಿರುವ ಪುಸ್ತಿಕೆಯ ಸಂಖ್ಯೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿದೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳಿಕೊಳ್ಳಿ.