ಹೊಸ ಆಹಾರದ ಹಿಂಜರಿಕೆ (ಮಕ್ಕಳಲ್ಲಿ)

ಹೊಸ ಆಹಾರದ ಹಿಂಜರಿಕೆ ಎಂದರೆ ಪರಿಚಯವಿಲ್ಲದ ತಿನಿಸನ್ನು ರುಚಿ ನೋಡುವ ಮೊದಲೇ ಮಗು ನಿರಾಕರಿಸುವ ಸ್ವಭಾವ. ಸಾಮಾನ್ಯವಾಗಿ 2ರಿಂದ 6 ವರ್ಷಗಳ ನಡುವೆ ಇದು ಪ್ರಬಲವಾಗಿದ್ದು, ಬೆಳೆದಂತೆ ಕಡಿಮೆಯಾಗುತ್ತದೆ. ಮನೆಯವರು ಇದನ್ನು ಹಟವೆಂದೋ ಮುದ್ದಿನ ಫಲವೆಂದೋ ಬಗೆಯುವುದುಂಟು. ಸ್ವತಂತ್ರವಾಗಿ ಓಡಾಡಿ ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನಲ್ಲಿ ಅಪರಿಚಿತ ವಸ್ತುವನ್ನು ಶಂಕಿಸುವುದು ವಿಷದಿಂದ ರಕ್ಷಣೆ ನೀಡಿರಬೇಕೆಂಬುದು ಸಂಶೋಧಕರ ವಿವರಣೆ. ಸಿಹಿಯ ಒಲವು ಹುಟ್ಟಿನಿಂದ ಬರುತ್ತದೆ. ಕಹಿಯನ್ನು ಒಪ್ಪುವುದು ಕಲಿಕೆಯಿಂದ.

ರುಚಿಯ ಕಲಿಕೆ

ಅಮೆರಿಕದ ಲಿಯಾನ್ ಬರ್ಚ್ ಮತ್ತು ಸಂಗಡಿಗರ ಪ್ರಯೋಗವೊಂದರಲ್ಲಿ (1982) ಎರಡು ವರ್ಷದ ಮಕ್ಕಳು ಹೊಸ ತಿನಿಸನ್ನು ಹೆಚ್ಚು ಸಲ ಸವಿದಷ್ಟೂ ಅದನ್ನು ಹೆಚ್ಚು ಮೆಚ್ಚಿದರು. ಕೆಲವು ಮಕ್ಕಳಿಗೆ 10ರಿಂದ 15 ಸಲವೂ ಬೇಕಾಗಬಹುದು. ಹೆತ್ತವರಾದರೋ ಮೂರು ನಾಲ್ಕು ಸಲದಲ್ಲೇ ಕೈಬಿಡುತ್ತಾರೆ. ಪ್ರತಿ ಸಲವೂ ಒಂದು ಚಿಟಿಕೆಯಷ್ಟು ಸಾಕು. ಒಲ್ಲೆನೆಂದರೆ ತಟ್ಟೆಯ ಅಂಚಿನಲ್ಲೇ ಬಿಟ್ಟು, ಹಿರಿಯರು ಅದನ್ನೇ ಉಣ್ಣುತ್ತಿರಬೇಕು. ಮೂಗು ಹಿಡಿದು ತುರುಕಿದರೆ ಜಿಗುಪ್ಸೆಯೇ ಬೆಳೆಯುತ್ತದೆ. "ಹಾಗಲಕಾಯಿ ತಿಂದರೆ ಚಾಕಲೇಟು" ಎಂಬ ಒಪ್ಪಂದವೂ ಚಾಕಲೇಟಿನ ಬೆಲೆಯನ್ನಷ್ಟೇ ಏರಿಸುತ್ತದೆ.

ಉತ್ತರ ಕನ್ನಡದ ಕರಾವಳಿಯಲ್ಲಿ

ಹೊನ್ನಾವರ ತಾಲೂಕಿನ ಅಪ್ಸರಕೊಂಡದಂಥ ಊರುಗಳಲ್ಲಿ ಕಡಲೂ ಗುಡ್ಡವೂ ಒತ್ತಟ್ಟಿಗಿವೆ. ಆಹಾರವು ಋತುವಿನೊಡನೆ ಬದಲಾಗುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಅದೇ ಹೊತ್ತಿಗೆ ಕಳಲೆ, ಕೆಸುವಿನ ಎಳೆಯೆಲೆ, ಬಗೆಬಗೆಯ ಸೊಪ್ಪುಗಳು ಅಡುಗೆಮನೆಗೆ ಬರುತ್ತವೆ. ಇವುಗಳಲ್ಲಿ ಕೆಲವು ಕೆಲವೇ ವಾರ ಸಿಗುತ್ತವೆ. ಮೊದಲ ನಿರಾಕರಣೆಗೇ ಸೋತರೆ ಮುಂದಿನ ಮಳೆಗಾಲದವರೆಗೆ ಅವಕಾಶವಿಲ್ಲ. ಅಷ್ಟರಲ್ಲಿ ಆ ರುಚಿ ಮಗುವಿಗೆ ಮತ್ತೆ ಅಪರಿಚಿತವಾಗಿರುತ್ತದೆ. ವರ್ಷವಿಡೀ ಬಿಸ್ಕತ್ತು ಮಾತ್ರ ಒಂದೇ ರುಚಿಯಲ್ಲಿ ದೊರೆಯುತ್ತದೆ.

ಪರಿಚಿತ ರುಚಿಯೊಡನೆ ಹೊಸದನ್ನು ಬೆರೆಸುವ ಉಪಾಯಕ್ಕೆ ತಂಬುಳಿ ಉತ್ತಮ ನಿದರ್ಶನ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆಯೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ಅರೆದು, ಮಜ್ಜಿಗೆ ಬೆರೆಸುತ್ತಾರೆ. ಸೊಪ್ಪಿನ ಘಾಟನ್ನು ಕಾಯಿಯೂ ಮಜ್ಜಿಗೆಯೂ ತಗ್ಗಿಸುತ್ತವೆ. ಮೊದಮೊದಲು ಎರಡು ಎಲೆ, ಬರಬರುತ್ತ ನಾಲ್ಕು ಎಂದು ಹೆಚ್ಚಿಸುವುದೂ ಸುಲಭ. ಮೀನಿನಲ್ಲಿ ಮುಳ್ಳಿನ ಭಯವೇ ದೊಡ್ಡದು. ಚೆನ್ನಾಗಿ ಬಿಡಿಸಿ ಕೊಟ್ಟರೆ ಅರ್ಧ ತಕರಾರು ಮುಗಿಯುತ್ತದೆ.

ಮಗುವಿನ ದೂರು ಯಾವಾಗಲೂ ನೆಪವಲ್ಲ. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಕ್ಷ್ಮ ಹರಳುಗಳು ನಿಜವಾಗಿಯೂ ಗಂಟಲು ತುರಿಸುತ್ತವೆ. ಹುಣಸೆಯನ್ನೋ ವಾಟೆಹುಳಿಯನ್ನೋ ಹಾಕಿ ಚೆನ್ನಾಗಿ ಬೇಯಿಸದ ಪತ್ರೊಡೆಯನ್ನು ತಿಂದ ಮಗು ಮರುವರ್ಷ ಮುಖ ತಿರುಗಿಸಿದರೆ ತಪ್ಪು ಅಡುಗೆಯದು.

ಸಹಪಂಕ್ತಿ

ಒಂದು ತರಕಾರಿಯನ್ನು ಒಲ್ಲದ ಮಗುವನ್ನು ಅದನ್ನು ಮೆಚ್ಚುವ ಓರಗೆಯವರ ಜೊತೆ ಕೂರಿಸಿದಾಗ, ಕೆಲವೇ ದಿನಗಳಲ್ಲಿ ಅದರ ಆಯ್ಕೆ ಬದಲಾದುದನ್ನು ಬರ್ಚ್ 1980ರಲ್ಲಿ ವರದಿ ಮಾಡಿದರು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟದ ಸಾಲಿನಲ್ಲಿ ಈ ಪರಿಣಾಮಕ್ಕೆ ಅವಕಾಶವಿದೆ. ಮನೆಯಲ್ಲಿ ಮುಟ್ಟದ ನುಗ್ಗೆಸೊಪ್ಪು ಅಲ್ಲಿ ಗದ್ದಲದ ನಡುವೆ ಖರ್ಚಾಗುವುದು ಶಿಕ್ಷಕರಿಗೆ ಪರಿಚಿತ ನೋಟ.

ವೈದ್ಯಕೀಯ ಎಚ್ಚರಿಕೆ

ಮೇಲಿನ ಕ್ರಮಗಳು ಅಲರ್ಜಿಗೆ ಅನ್ವಯಿಸುವುದಿಲ್ಲ. ಸೀಗಡಿ, ಶೇಂಗಾ ಮುಂತಾದವನ್ನು ತಿಂದೊಡನೆ ದದ್ದು ಅಥವಾ ತುಟಿಯ ಊತ ಕಂಡರೆ ವೈದ್ಯರನ್ನು ಕಾಣದೆ ಮತ್ತೆ ಕೊಡಬಾರದು. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ತೂಕ ಏರದಿರುವುದು, ನುಂಗುವಾಗ ಪದೇ ಪದೇ ಕೆಮ್ಮುವುದು, ತಿನ್ನುವ ಪದಾರ್ಥಗಳ ಸಂಖ್ಯೆ ಕುಗ್ಗುತ್ತ ಹೋಗುವುದು ಇವೂ ಮಕ್ಕಳ ತಜ್ಞರಿಗೆ ತೋರಿಸಬೇಕಾದ ಲಕ್ಷಣಗಳು.